ಬಯಲ ಬೆಳಕಿನ ಚಿತ್ರಕಾರ ಸೊರೋಯಾ

ಸ್ಪೇನ್ ದೇಶದ ಪೂರ್ವ ತೀರದಲ್ಲಿ ಮೆಡಿಟರೇನಿಯನ್ ಸಮುದ್ರಕ್ಕೆ ಮುಖಮಾಡಿ ನಿಂತ ನಗರ ವಾಲೆನ್ಸಿಯಾ. ಕಿತ್ತಳೆಯ ತೋಟಗಳಿಗೂ ಭತ್ತದ ಗದ್ದೆಗಳಿಗೂ ಹೆಸರಾದ ಆ ಸೀಮೆಯಲ್ಲಿ 1863ನೆಯ ಇಸವಿ ಫೆಬ್ರುವರಿ 27ರಂದು, ಒಬ್ಬ ಸಾಮಾನ್ಯ ಬಟ್ಟೆ ವ್ಯಾಪಾರಿಯ ಮನೆಯಲ್ಲಿ ಹ್ವಾಕೀನ್ ಸೊರೋಯಾ ಜನಿಸಿದನು. ಮಗುವಿಗೆ ಎರಡೂವರೆ ವರ್ಷ ತುಂಬುವಷ್ಟರಲ್ಲಿ, 1865ರ ಆಗಸ್ಟ್ ತಿಂಗಳಲ್ಲಿ, ತಂದೆತಾಯಿಗಳಿಬ್ಬರೂ ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಊರಿಗೆ ಬಂದ ಕಾಲರಾ ಬೇನೆಯೇ ಅವರನ್ನು ಕೊಂಡೊಯ್ದಿರಬೇಕು. ಹ್ವಾಕೀನ್ ಮತ್ತು ಅವನ ಹಸುಗೂಸು ತಂಗಿ ಕೋಂಚಾ ತಬ್ಬಲಿಗಳಾದರು. ತಾಯಿಯ ಒಡಹುಟ್ಟಿದವಳಾದ ಇಸಾಬೆಲ್ ಮತ್ತು ಆಕೆಯ ಗಂಡ ಹೋಸೆ ಪಿಕೆರೆಸ್ ಆ ಎರಡು ಕೂಸುಗಳನ್ನು ಮನೆಗೆ ಕರೆತಂದು ಸ್ವಂತ ಮಕ್ಕಳಂತೆ ಸಾಕಿದರು.

ಪಿಕೆರೆಸ್ ಬೀಗ ಮಾಡುವ ಕಮ್ಮಾರ. ಕುಲುಮೆ, ಅಡಿಗಲ್ಲು, ಸುತ್ತಿಗೆ, ಅರ ಇವೇ ಅವನ ಆಸ್ತಿ. ಹುಡುಗನು ಓದಿನಲ್ಲಿ ಅಷ್ಟೇನೂ ಮುಂದಿರಲಿಲ್ಲ. ಪಾಠದ ಪುಸ್ತಕಗಳ ಅಂಚಿನಲ್ಲಿ ಚಿತ್ರ ಗೀಚುವುದೇ ಅವನಿಗೆ ಪ್ರಿಯವಾದ ಕೆಲಸವಾಗಿತ್ತು. ಬೇರೆ ಕಡೆಯಾಗಿದ್ದರೆ ಅಂಥ ಅಂಚುಗಳಿಗೆ ಬೆತ್ತದ ಏಟೇ ಬಹುಮಾನವಾಗುತ್ತಿತ್ತು. ಆದರೆ ಶಾಲೆಯಲ್ಲಿ ಅವನ ಕೈಗುಣವನ್ನು ಗುರುತಿಸಿದ ಕಣ್ಣುಗಳಿದ್ದವು. ಚಿಕ್ಕಪ್ಪನೂ ಹಟ ಹಿಡಿಯಲಿಲ್ಲ. ಹಗಲು ಕುಲುಮೆಯಲ್ಲಿ ದುಡಿಯುವುದು, ರಾತ್ರಿ ಕುಶಲಕರ್ಮಿಗಳ ಶಾಲೆಯಲ್ಲಿ ರೇಖಾಚಿತ್ರ ಕಲಿಯುವುದು ಎಂಬ ಒಪ್ಪಂದವಾಯಿತು. ಆ ರಾತ್ರಿಶಾಲೆಯಲ್ಲಿ ಕಾಯೆತಾನೊ ಕಾಪುಸ್ ಎಂಬ ಶಿಲ್ಪಿ ಅವನ ಗುರುವಾದನು. ಹದಿಮೂರು ಹದಿನಾಲ್ಕರ ಹುಡುಗನು ದೀಪದ ಬೆಳಕಿನಲ್ಲಿ ಕುಳಿತು ಗಚ್ಚಿನ ಅಚ್ಚುಗಳನ್ನು ನೋಡಿ ನೋಡಿ ಬರೆದನು. ಮುಂದೆ ಸೂರ್ಯನ ಬೆಳಕಿಗಾಗಿ ಲೋಕಪ್ರಸಿದ್ಧನಾಗಲಿದ್ದವನ ಕಲಿಕೆಯು ರಾತ್ರಿಯ ದೀಪದಡಿ ಮೊದಲಾದುದು ವಿಚಿತ್ರವೇ ಸರಿ.

ಅಲ್ಲಿಂದ ಅವನು ವಾಲೆನ್ಸಿಯಾದ ಸಾನ್ ಕಾರ್ಲೋಸ್ ಲಲಿತಕಲಾ ಶಾಲೆಯನ್ನು ಸೇರಿದನು. ಅಲ್ಲಿ ನಿಸರ್ಗಚಿತ್ರವನ್ನು ಬೋಧಿಸುತ್ತಿದ್ದ ಗೊನ್ಸಾಲೊ ಸಾಲ್ವಾ, ವಿದ್ಯಾರ್ಥಿಗಳು ಕೋಣೆಯ ಗೋಡೆಗಳನ್ನು ಬಿಟ್ಟು ಬಯಲಿಗೆ ಹೋಗಿ ಬರೆಯಬೇಕೆಂಬ ಮತದವನಾಗಿದ್ದನು. ಜೊತೆಯ ವಿದ್ಯಾರ್ಥಿಯೊಬ್ಬನ ತಂದೆ ಆಂತೋನಿಯೋ ಗಾರ್ಸಿಯಾ ಊರಿನ ಹೆಸರಾಂತ ಛಾಯಾಚಿತ್ರಕಾರ. ಅವನು ಈ ಬಡ ಹುಡುಗನಿಗೆ ತನ್ನ ಛಾಯಾಚಿತ್ರಾಲಯದಲ್ಲಿ ಕೆಲಸ ಕೊಟ್ಟನು, ಖರ್ಚಿಗೆ ಆಸರೆಯಾದನು. ಬೆಳಕನ್ನು ಹೊಂದಿಸುವುದು, ಕಪ್ಪು ಬಿಳುಪಿನ ಚಿತ್ರಗಳಿಗೆ ಕೈಯಿಂದ ಬಣ್ಣ ತುಂಬುವುದು ಅಲ್ಲಿಯ ಕೆಲಸ. ಮುಖದ ಮೇಲೆ ಬೆಳಕು ಎಲ್ಲಿಂದ ಬಿದ್ದರೆ ಏನಾಗುತ್ತದೆ, ಚೌಕಟ್ಟಿನ ಅಂಚು ಒಂದು ಆಕೃತಿಯನ್ನು ಅರ್ಧಕ್ಕೆ ಕತ್ತರಿಸಿದರೆ ಚಿತ್ರವು ಹೇಗೆ ಜೀವಂತವಾಗುತ್ತದೆ ಎಂಬುದನ್ನು ಸೊರೋಯಾ ಕಲಿತದ್ದು ಕಲಾಶಾಲೆಯಲ್ಲಿ ಎಷ್ಟೋ, ಈ ಛಾಯಾಚಿತ್ರಾಲಯದಲ್ಲಿಯೂ ಅಷ್ಟೇ. ಗಾರ್ಸಿಯಾನ ಮಗಳು ಕ್ಲೋಟಿಲ್ಡೆಯ ಪರಿಚಯವಾದದ್ದೂ ಅಲ್ಲಿಯೇ.

1881ರಲ್ಲಿ ಹದಿನೆಂಟರ ತರುಣನು ಮ್ಯಾಡ್ರಿಡಿನ ರಾಷ್ಟ್ರೀಯ ಪ್ರದರ್ಶನಕ್ಕೆ ಮೂರು ಸಮುದ್ರಚಿತ್ರಗಳನ್ನು ಕಳುಹಿಸಿದನು. ಯಾರೂ ಅವುಗಳತ್ತ ತಿರುಗಿ ನೋಡಲಿಲ್ಲ. ಆದರೆ ಆ ಪ್ರಯಾಣದ ಲಾಭವೇ ಬೇರೆಯಾಯಿತು. ಪ್ರಾಡೊ ವಸ್ತುಸಂಗ್ರಹಾಲಯದಲ್ಲಿ ಅವನು ಹದಿನೇಳನೆಯ ಶತಮಾನದ ವೆಲಾಸ್ಕೆಸನ ಚಿತ್ರಗಳ ಮುಂದೆ ನಿಂತನು. ಹತ್ತಿರದಿಂದ ನೋಡಿದರೆ ಬಣ್ಣದ ಬಿಡಿಬಿಡಿ ಗೆರೆಗಳು. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಜರತಾರಿಯ ಅಂಗಿ, ಗಾಳಿ, ಉಸಿರಾಡುವ ಮನುಷ್ಯ. ಸಡಿಲವಾದ ಕುಂಚಗಾರಿಕೆ ಎಂದರೆ ಅಜಾಗರೂಕತೆ ಅಲ್ಲ, ಯಾವುದನ್ನು ಬಿಡಬೇಕೆಂಬ ಖಚಿತ ಜ್ಞಾನ ಎಂಬುದು ಅವನಿಗೆ ಅಲ್ಲಿ ಮನದಟ್ಟಾಯಿತು. ಸೊರೋಯಾನು ಪ್ಯಾರಿಸಿನ ಇಂಪ್ರೆಷನಿಸ್ಟರ ಶಿಷ್ಯನೆಂದು ಬರೆಯುವವರುಂಟು. ಮಾತು ಪೂರ್ತಿ ಸರಿಯಲ್ಲ. ಅವನ ಬಿಡಿಗೆರೆಯ ಮೂಲವನ್ನು ಮೊದಲು ಪ್ರಾಡೊದಲ್ಲಿಯೇ ಹುಡುಕಬೇಕು.

ಆ ಕಾಲದ ಸ್ಪೇನಿನಲ್ಲಿ ಚಿತ್ರಕಾರನಿಗೆ ಪದಕ ಬೇಕಾದರೆ ಐತಿಹಾಸಿಕ ಘಟನೆಗಳ ಬೃಹತ್ ಚಿತ್ರಗಳನ್ನು ಬರೆಯಬೇಕಾಗಿತ್ತು. ಸೊರೋಯಾನೂ ಬರೆದನು. ನೆಪೋಲಿಯನ್ನನ ಸೇನೆಯ ವಿರುದ್ಧ 1808ರ ಮೇ 2ರಂದು ಮ್ಯಾಡ್ರಿಡಿನ ಜನ ದಂಗೆಯೆದ್ದ ಪ್ರಸಂಗವನ್ನು ಚಿತ್ರಿಸಿ 1884ರಲ್ಲಿ ಎರಡನೆಯ ದರ್ಜೆಯ ಪದಕ ಪಡೆದನು. ಈ ಚಿತ್ರವನ್ನು ಅವನು ಕೋಣೆಯಲ್ಲಿ ಕಲ್ಪಿಸಿಕೊಂಡು ಬರೆಯಲಿಲ್ಲ. ವಾಲೆನ್ಸಿಯಾದ ಗೂಳಿಕಾಳಗದ ಅಂಗಳದಲ್ಲಿ ಮದ್ದಿನ ಹೊಗೆ ಎಬ್ಬಿಸಿ, ಬಯಲಿನಲ್ಲಿಯೇ ಬರೆದನು. ಅದೇ ವರ್ಷ ಮತ್ತೊಂದು ಐತಿಹಾಸಿಕ ಚಿತ್ರಕ್ಕಾಗಿ ವಾಲೆನ್ಸಿಯಾ ಪ್ರಾಂತ ಮಂಡಳಿಯು ರೋಮಿನಲ್ಲಿ ಕಲಿಯಲು ವಿದ್ಯಾರ್ಥಿವೇತನ ನೀಡಿತು. ಬೀಗದ ಕುಲುಮೆಯ ಹುಡುಗನು ಸಾರ್ವಜನಿಕರ ಹಣದಿಂದ 1885ರಲ್ಲಿ ಇಟಲಿಗೆ ಹೊರಟನು.

ಅದೇ ವರ್ಷ ಗೆಳೆಯ ಪೆದ್ರೊ ಹಿಲ್ ಮೊರೆನೊ ಎಂಬವನ ಜೊತೆ ಕೆಲವು ತಿಂಗಳು ಪ್ಯಾರಿಸಿನಲ್ಲಿದ್ದಾಗ ಎರಡು ಪ್ರದರ್ಶನಗಳು ಅವನ ಮನಸ್ಸನ್ನು ಕಲಕಿದವು. ಒಂದು, ಹಿಂದಿನ ವರ್ಷವಷ್ಟೇ ಮಡಿದಿದ್ದ ಫ್ರೆಂಚ್ ಚಿತ್ರಕಾರ ಬಾಸ್ತಿಯನ್ ಲಪಾಜನದು. ಇನ್ನೊಂದು, ಜರ್ಮನಿಯ ಮೆಂಜೆಲ್‌ನದು. ಲಪಾಜನು ಹೊಲದಲ್ಲಿ ದಣಿದು ಕುಳಿತ ಕೂಲಿಯವರನ್ನು, ಹಳ್ಳಿಯ ಮಕ್ಕಳನ್ನು ತೆರೆದ ಬಯಲಿನ ಬೆಳಕಿನಲ್ಲಿಯೇ ನಿಲ್ಲಿಸಿ ಬರೆದವನು. ರಾಜರೂ ಸಂತರೂ ಸೇನಾನಿಗಳೂ ಇಲ್ಲದೆ, ದುಡಿಯುವ ಮನುಷ್ಯನೊಬ್ಬನೇ ದೊಡ್ಡ ಚಿತ್ರಕ್ಕೆ ವಸ್ತುವಾಗಬಲ್ಲನೆಂದು ಸೊರೋಯಾ ಕಣ್ಣಾರೆ ಕಂಡನು. ಕಂಡರೂ ಕೂಡಲೇ ಅನುಸರಿಸುವ ಧೈರ್ಯ ಬರಲಿಲ್ಲ. ರೋಮಿಗೆ ಮರಳಿ, ಕ್ರಿಸ್ತನ ಶವಸಂಸ್ಕಾರದ ಒಂದು ಭಾರಿ ಚಿತ್ರಕ್ಕೆ ಕೈಹಚ್ಚಿದನು. ಬಹುಕಾಲ ಶ್ರಮಪಟ್ಟು ಮುಗಿಸಿದ ಆ ಚಿತ್ರವು 1887ರ ಮ್ಯಾಡ್ರಿಡ್ ಪ್ರದರ್ಶನದಲ್ಲಿ ಸೋತುಹೋಯಿತು. ಇಪ್ಪತ್ತನಾಲ್ಕರ ಕಲಾವಿದನಿಗೆ ಅದು ದೊಡ್ಡ ಪೆಟ್ಟು. ಆ ಚಿತ್ರವನ್ನು ಅವನು ಉಳಿಸಿಕೊಳ್ಳಲೂ ಇಚ್ಛಿಸಲಿಲ್ಲ. ಇಂದು ಅದರ ತುಣುಕುಗಳಷ್ಟೇ ಉಳಿದಿವೆ.

ಸೋಲಿನ ಮರುವರ್ಷ, 1888ರ ಸೆಪ್ಟೆಂಬರ್ 8ರಂದು, ಕ್ಲೋಟಿಲ್ಡೆಯೊಡನೆ ವಿವಾಹವಾಯಿತು. ದಂಪತಿಗಳು ಇಟಲಿಯ ಅಸ್ಸೀಸಿ ಎಂಬ ಚಿಕ್ಕ ಊರಿನಲ್ಲಿ ಸಂಸಾರ ಹೂಡಿದರು. ಹೊಟ್ಟೆಪಾಡಿಗಾಗಿ ಮಾರಾಟವಾಗುವಂಥ ಸಣ್ಣ ಸಣ್ಣ ಜಲವರ್ಣ ಚಿತ್ರಗಳನ್ನು ಅವನು ಬರೆಯತೊಡಗಿದನು. ಕೀರ್ತಿಯ ಆಸೆಯಿಲ್ಲದೆ, ತೀರ್ಪುಗಾರರ ಭಯವಿಲ್ಲದೆ, ಬೆಟ್ಟದ ಊರಿನ ಜನರನ್ನು ಅವರ ಅಂಗಳಗಳಲ್ಲಿಯೇ ಕುಳಿತು ಬರೆದ ಆ ಅವಧಿಯೇ ಅವನಿಗೆ ನಿಜವಾದ ಗುರುಕುಲವಾಯಿತೆನ್ನಬೇಕು. 1890ರಲ್ಲಿ ಮ್ಯಾಡ್ರಿಡಿನಲ್ಲಿ ನೆಲೆಸಿದ ಮೇಲೆ ಮಾರಿಯಾ, ಹ್ವಾಕೀನ್, ಎಲೆನಾ ಎಂಬ ಮೂವರು ಮಕ್ಕಳಾದರು.

ಮ್ಯಾಡ್ರಿಡಿನಲ್ಲಿ ಮನೆಯಾದರೂ ಬೇಸಿಗೆ ಬಂದರೆ ಮನಸ್ಸೆಲ್ಲ ವಾಲೆನ್ಸಿಯಾದ ಕಡಲತೀರದಲ್ಲಿ. ಅಲ್ಲಿಯ ಕಬಾನ್ಯಾಲ್ ಎಂಬ ಬೆಸ್ತರ ಕೇರಿ, ಸಂಜೆಗೆ ಹಿಂದಿರುಗುವ ದೋಣಿಗಳು, ಗಾಳಿ ತುಂಬಿದ ಹಾಯಿಗಳು, ದೋಣಿಗಳನ್ನು ದಡಕ್ಕೆ ಎಳೆಯಲು ಎದೆಮಟ್ಟದ ನೀರಿಗಿಳಿಯುವ ಎತ್ತುಗಳು, ಇವು ಅವನು ಬಾಲ್ಯದಿಂದಲೂ ಕಂಡವು. ಇವನ್ನೇ ಅವನು 1894ರಲ್ಲಿ ಎರಡೂವರೆ ಮೀಟರಿಗೂ ಮಿಕ್ಕ ಎತ್ತರದ, ನಾಲ್ಕು ಮೀಟರ್ ಅಗಲದ ಕ್ಯಾನ್ವಾಸಿನ ಮೇಲೆ ಬರೆದನು. 'ಮೀನುಗಾರಿಕೆಯಿಂದ ಮರಳಿದುದು' ಎಂಬ ಆ ಚಿತ್ರವು 1895ರಲ್ಲಿ ಪ್ಯಾರಿಸಿನಲ್ಲಿ ಸುವರ್ಣಪದಕ ಗಳಿಸಿತು. ಫ್ರೆಂಚ್ ಸರಕಾರವೇ ಅದನ್ನು ಕೊಂಡುಕೊಂಡಿತು. ಕ್ರಿಸ್ತನ ಚಿತ್ರವು ಸೋತ ಎಂಟೇ ವರ್ಷಗಳಲ್ಲಿ, ಒದ್ದೆ ಎತ್ತುಗಳೂ ಬೆಸ್ತರೂ ಗೆದ್ದರು.

ಬಯಲಿನಲ್ಲಿ ಮನುಷ್ಯರ ಆಕೃತಿಗಳನ್ನು ಬರೆಯುವುದು ಎಷ್ಟು ಕಠಿಣವೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸುವುದು ಉಚಿತ. ಕೋಣೆಯೊಳಗೆ ಬೆಳಕು ಒಂದೇ ಕಿಟಕಿಯಿಂದ ಬರುತ್ತದೆ. ಒಂದು ಮಗ್ಗುಲು ಬೆಳಗಿದರೆ ಮತ್ತೊಂದು ಮಗ್ಗುಲು ಕಂದು ನೆರಳಾಗುತ್ತದೆ. ಕಡಲತೀರದಲ್ಲಿ ನಿಂತ ಬಿಳಿಯ ಉಡುಪಿನ ಹೆಣ್ಣುಮಗಳ ಮೇಲೆ ಬೆಳಕು ಎಲ್ಲ ಕಡೆಯಿಂದಲೂ ಬೀಳುತ್ತದೆ. ನೇರ ಬಿಸಿಲು ಬಿದ್ದ ಹೆಗಲು ಕೆನೆಹಳದಿ. ಬಿಸಿಲಿಗೆ ಮರೆಯಾದ ಮಡಿಕೆಗಳಲ್ಲಿ ಆಕಾಶದ ಛಾಯೆ ಬಿದ್ದು ನೀಲಿಯೂ ನೇರಳೆಯೂ ಮೂಡುತ್ತವೆ. ಗದ್ದದ ಕೆಳಗೆ ಮರಳು ಮರುಬೆಳಗಿದ ಕಾವಿಬಣ್ಣ. ಹೀಗೆ ಬಿಳಿಯ ಬಟ್ಟೆಯಲ್ಲಿ ಬಿಳುಪೆಂಬುದೇ ಅಪರೂಪ. ಕಲಾಶಾಲೆಗಳಲ್ಲಿ ನೆರಳೆಂದರೆ ಕಪ್ಪು ಬೆರೆಸಿದ ಬಣ್ಣವೆಂದು ಕಲಿತು ಬಂದವನು ಇದನ್ನು ಒಪ್ಪಿಕೊಳ್ಳಲು ಮೊದಲು ತನ್ನ ಕಲಿಕೆಯನ್ನೇ ಮರೆಯಬೇಕು. ಕಣ್ಣಿಗೆ ಕಂಡದ್ದನ್ನು ನಂಬುವುದು, ತಿಳಿದದ್ದನ್ನು ಬದಿಗಿಡುವುದು ಸುಲಭವಲ್ಲ.

ಅದರ ಮೇಲೆ ಸಮಯದ ಅಭಾವ. ಸೂರ್ಯನು ನಿಲ್ಲುವುದಿಲ್ಲ, ಅಲೆಯು ನಿಲ್ಲುವುದಿಲ್ಲ, ಮಕ್ಕಳಂತೂ ನಿಲ್ಲುವುದೇ ಇಲ್ಲ. ಒಂದೇ ಬೆಳಕು ಹೆಚ್ಚೆಂದರೆ ಒಂದೆರಡು ತಾಸು. ಆದುದರಿಂದ ಸೊರೋಯಾನು ದಿನವೂ ನಿಯತ ವೇಳೆಗೆ ಅದೇ ಜಾಗಕ್ಕೆ ಬಂದು, ಬೆಳಕು ತಿರುಗುತ್ತಲೇ ಕುಂಚ ಕೆಳಗಿಟ್ಟು, ಮರುದಿನ ಅದೇ ಹೊತ್ತಿಗೆ ಮುಂದುವರಿಸುತ್ತಿದ್ದನು. ಉದ್ದ ಹಿಡಿಕೆಯ ಅಗಲ ಕುಂಚಗಳಿಂದ ಮೊದಲು ದೊಡ್ಡ ದೊಡ್ಡ ಬಣ್ಣದ ಹರಹುಗಳನ್ನು ಹಾಕುವನು. ಬೆನ್ನಿನ ದುಂಡು, ತೋಳಿನ ತಿರುವು, ನೀರಿನ ಹೊರಳು ಎತ್ತ ಸಾಗುವುದೋ ಅತ್ತಲೇ ಗೆರೆಯೂ ಸಾಗಬೇಕು. ಕಣ್ಣು ಮೂಗುಗಳನ್ನು ತಿದ್ದುತ್ತ ಕೂಡಲು ವೇಳೆಯೂ ಇಲ್ಲ, ಅಗತ್ಯವೂ ಇಲ್ಲ; ಉಜ್ವಲ ಬಿಸಿಲಿನಲ್ಲಿ ಆಕೃತಿಗಳ ಅಂಚುಗಳು ನಮ್ಮ ಕಣ್ಣಿಗೂ ಕರಗಿಯೇ ಕಾಣುತ್ತವೆ. ಆದರೆ ಈ ವೇಗದ ಹಿಂದೆ ಲೆಕ್ಕವಿಲ್ಲದಷ್ಟು ಅಭ್ಯಾಸವಿತ್ತು. ಅಂಗೈಗಿಂತ ಸ್ವಲ್ಪ ದೊಡ್ಡದಾದ ಹಲಗೆಯ ತುಂಡುಗಳ ಮೇಲೂ ರಟ್ಟಿನ ಮೇಲೂ ಅವನು ಜೀವಮಾನವಿಡೀ ಬಣ್ಣದ ಟಿಪ್ಪಣಿಗಳನ್ನು ಬರೆದಿಟ್ಟನು. ಒಂದು ದೋಣಿ, ಒಂದು ಕೊಡೆ, ನೀರಿನಲ್ಲಿ ಮೂರು ಮಕ್ಕಳು, ಅಷ್ಟೇ. ರಾತ್ರಿಶಾಲೆಯಲ್ಲಿ ಬಲಿತ ರೇಖೆಯ ಹಿಡಿತವಿಲ್ಲದೆ ಈ ಸಡಿಲತೆ ಸಾಧ್ಯವಾಗುತ್ತಿರಲಿಲ್ಲ. ಮೊದಲ ಪಾಠವನ್ನು ಬಿಟ್ಟು ಕೊನೆಯ ಪಾಠದಿಂದ ಆರಂಭಿಸಲು ಹೊರಟ ಅವನ ಅನೇಕ ಅನುಕರಣಕಾರರ ಚಿತ್ರಗಳು ಇದಕ್ಕೆ ಸಾಕ್ಷಿ.

ಅವನು ತೀರದಲ್ಲಿ ಕೆಲಸ ಮಾಡುತ್ತಿದ್ದಾಗ ತೆಗೆದ ಛಾಯಾಚಿತ್ರಗಳು ಉಳಿದಿವೆ. ಆಳೆತ್ತರದ ಕ್ಯಾನ್ವಾಸನ್ನು ಮರಳಿನಲ್ಲಿ ನಿಲ್ಲಿಸಿ, ಗಾಳಿಗೆ ಹಾರದಂತೆ ಹಗ್ಗ ಬಿಗಿದು, ಬಟ್ಟೆಯ ಮರೆ ಕಟ್ಟಿ, ತಲೆಯ ಮೇಲೆ ದೊಡ್ಡ ಕೊಡೆ ಹಿಡಿಸಿಕೊಂಡು ಅವನು ನಿಂತಿದ್ದಾನೆ. ಮುಂದೆ ನೀರಿನಲ್ಲಿ ಬೆಸ್ತರ ಹುಡುಗರು. ಹಿಂದೆ ಬೆರಗಾಗಿ ನೋಡುವ ಜನ. ಹಸಿ ಬಣ್ಣಕ್ಕೆ ಹಾರಿ ಬಂದು ಅಂಟಿದ ಮರಳಿನ ಕಣಗಳು ಕೆಲವು ಚಿತ್ರಗಳಲ್ಲಿ ಇಂದಿಗೂ ಇವೆ.

ಇಂಥ ತೀರದಲ್ಲಿಯೇ 1898ರ ಸುಮಾರಿಗೆ ಒಂದು ದಿನ ಅವನು ಬೇರೊಂದು ದೃಶ್ಯವನ್ನು ಕಂಡನು. ಸಂತ ಯೋಹಾನನ ಹೆಸರಿನ ಸೇವಾಸಂಘದ ಸಂನ್ಯಾಸಿಯೊಬ್ಬನು ತಮ್ಮ ಆಸ್ಪತ್ರೆಯ ಮಕ್ಕಳನ್ನು ಸ್ನಾನಕ್ಕೆ ಕರೆತಂದಿದ್ದನು. ಕೆಲವರು ಕುರುಡರು, ಕೆಲವರು ಊರುಗೋಲಿನವರು, ಎಲ್ಲರೂ ದಿಕ್ಕಿಲ್ಲದವರು. ಕರಿಯ ನಿಲುವಂಗಿಯ ಆ ಸಂನ್ಯಾಸಿ ಒಬ್ಬ ಬಡಕಲು ಹುಡುಗನ ತೋಳು ಹಿಡಿದು ನೀರಿಗಿಳಿಸುತ್ತಿದ್ದನು. ತಬ್ಬಲಿಯಾಗಿ ಬೆಳೆದ ಚಿತ್ರಕಾರನ ಕರುಳು ಕಿವುಚಿದಂತಾಯಿತು. ಅನುಮತಿ ಪಡೆದು 1899ರ ಬೇಸಿಗೆಯಲ್ಲಿ ಅದನ್ನು ದೊಡ್ಡ ಚಿತ್ರವಾಗಿ ಬರೆದನು. 'ದುಃಖದ ಪಿತ್ರಾರ್ಜಿತ' ಎಂಬ ಅದರ ಹೆಸರಿನಲ್ಲಿ ಆ ಕಾಲದ ನಂಬಿಕೆಯೊಂದಿದೆ. ಮಕ್ಕಳ ರೋಗವು ತಂದೆತಾಯಿಗಳ ದುರ್ವ್ಯಸನದ ಫಲವೆಂದು ಆಗ ತಿಳಿಯಲಾಗಿತ್ತು. ಅವರಲ್ಲಿ ಕೆಲವರ ಕಾಲುಗಳಲ್ಲಿ ಕಾಣುವುದು ಪೋಲಿಯೋ ರೋಗದ ಗುರುತೆಂದು ಈಚಿನ ವೈದ್ಯರ ಅಭಿಪ್ರಾಯ. ಆದುದರಿಂದ ಹೆಸರು ಆ ಮಕ್ಕಳಿಗೂ ಅವರ ಹೆತ್ತವರಿಗೂ ನ್ಯಾಯ ಮಾಡಿಲ್ಲ, ಚಿತ್ರವು ಮಾಡಿದೆ. ಬಿಸಿಲು ಆ ಕೃಶ ದೇಹಗಳ ಮೇಲೂ ಆರೋಗ್ಯವಂತರ ಮೇಲೆ ಬೀಳುವಂತೆಯೇ ಬೀಳುತ್ತದೆ, ಕಡಲು ಅಷ್ಟೇ ನೀಲಿಯಾಗಿದೆ.

ಈ ಚಿತ್ರಕ್ಕೆ 1900ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಅತ್ಯುನ್ನತ ಬಹುಮಾನವೂ 1901ರಲ್ಲಿ ಮ್ಯಾಡ್ರಿಡಿನ ಗೌರವಪದಕವೂ ದೊರೆತವು. ಆ ಬಳಿಕ ಸೊರೋಯಾ ಅಂಥ ವಸ್ತುವನ್ನು ಮತ್ತೆ ಮುಟ್ಟಲಿಲ್ಲ. ಕೀರ್ತಿ ಬಂದ ಮೇಲೆ ದುಃಖಿಗಳನ್ನು ಮರೆತು, ಕೊಳ್ಳುವವರಿಗೆ ಹಿತವಾದ ನಗುವ ಮಕ್ಕಳನ್ನೇ ಬರೆದನೆಂದು ಆಕ್ಷೇಪಿಸುವವರಿದ್ದಾರೆ. ಆಕ್ಷೇಪದಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೂ 1909ರ 'ಕುದುರೆಯ ಸ್ನಾನ', 1910ರ 'ಕಡಲತೀರದ ಮಕ್ಕಳು' ಮೊದಲಾದ ಚಿತ್ರಗಳಲ್ಲಿ ಒದ್ದೆ ಮರಳಿನ ಮೇಲೆ ಬೋರಲಾಗಿ ಮಲಗಿದ ಹುಡುಗರೂ ಆ ಬೆಸ್ತರ ಕೇರಿಯ ಬಡವರ ಮಕ್ಕಳೇ. ಬಡವರ ಮನೆಯಲ್ಲಿ ಸಂಕಟವೊಂದೇ ಉಂಟೆಂದು ಭಾವಿಸುವುದೂ ಒಂದು ಬಗೆಯ ಕುರುಡೇ. ಮೂರು ವರ್ಷ ತುಂಬುವ ಮೊದಲೇ ಹೆತ್ತವರನ್ನು ಕಳೆದುಕೊಂಡವನು ತನ್ನ ಪ್ರೌಢವಯಸ್ಸಿನ ಬೇಸಿಗೆಗಳನ್ನೆಲ್ಲ ಮಕ್ಕಳ ಆಟವನ್ನು ಬರೆಯುವುದರಲ್ಲಿ ಕಳೆದನೆಂಬುದನ್ನು ಮರೆತು ತೀರ್ಪು ಕೊಡುವುದು ಸಲ್ಲದು.

ಮುಂದಿನ ಯಶಸ್ಸಿನ ಕಥೆಯನ್ನು ಬೇಗನೆ ಹೇಳಿ ಮುಗಿಸಬಹುದು. 1906ರಲ್ಲಿ ಪ್ಯಾರಿಸಿನಲ್ಲಿ ಸುಮಾರು 500 ಚಿತ್ರಗಳ ಪ್ರದರ್ಶನ ನಡೆಯಿತು. 1907ರಲ್ಲಿ ಲಾ ಗ್ರಾನ್ಹಾ ಅರಮನೆಯ ತೋಟದಲ್ಲಿ ದೊರೆ ಹದಿಮೂರನೆಯ ಅಲ್ಫೊನ್ಸೊನನ್ನು ಎಲೆಗಳ ನಡುವಿನ ಬಿಸಿಲಿನಲ್ಲಿ ನಿಲ್ಲಿಸಿ ಬರೆದನು. ರಾಜನ ಕೆಂಪು ಸೇನಾ ಉಡುಪಿನ ಮೇಲೂ ಬಿಸಿಲಿನ ಚುಕ್ಕೆಗಳು ಬಿದ್ದಿವೆ. 1908ರಲ್ಲಿ ಲಂಡನ್ನಿನ ಪ್ರದರ್ಶನ. 1909ರಲ್ಲಿ ನ್ಯೂಯಾರ್ಕಿನ ಹಿಸ್ಪಾನಿಕ್ ಸೊಸೈಟಿಯಲ್ಲಿ 356 ಚಿತ್ರಗಳನ್ನಿಟ್ಟಾಗ ಸುಮಾರು ಒಂದು ತಿಂಗಳಲ್ಲಿ 1,60,000 ಜನ ನೋಡಿದರು. 195 ಚಿತ್ರಗಳು ಮಾರಾಟವಾದವು. ಅಮೆರಿಕದ ಅಧ್ಯಕ್ಷ ಟಾಫ್ಟ್‌ನ ಭಾವಚಿತ್ರವನ್ನೂ ಆ ವರ್ಷ ಬರೆದನು. ಅದೇ ಬೇಸಿಗೆಯಲ್ಲಿ ಊರಿಗೆ ಮರಳಿ, ಹೆಂಡತಿಯೂ ಹಿರಿಯ ಮಗಳೂ ಬಿಳಿಯ ಉಡುಪಿನಲ್ಲಿ ಅಲೆಗಳ ಅಂಚಿಗೆ ನಡೆದು ಹೋಗುವುದನ್ನು ಬರೆದ 'ಕಡಲತೀರದ ನಡಿಗೆ' ಎಂಬ ಚಿತ್ರವೇ ಇಂದು ಅವನ ಹೆಸರಿನೊಡನೆ ಮೊದಲು ನೆನಪಾಗುವುದು. ಅದರಲ್ಲಿ ಆಕಾಶವಿಲ್ಲ, ದಿಗಂತವಿಲ್ಲ. ಮರಳು, ನೀರು, ಗಾಳಿಗೆ ಹಾರುವ ಮುಸುಕು ಮಾತ್ರ.

ಹಿಸ್ಪಾನಿಕ್ ಸೊಸೈಟಿಯನ್ನು ಸ್ಥಾಪಿಸಿದ ಆರ್ಚರ್ ಹಂಟಿಂಗ್ಟನ್ ದೊಡ್ಡ ದಾನಿ, ಸ್ಪೇನಿನ ಸಾಹಿತ್ಯ ಕಲೆಗಳ ಪರಮಾಭಿಮಾನಿ. ತನ್ನ ಸಂಸ್ಥೆಯ ಗ್ರಂಥಾಲಯದ ಗೋಡೆಗಳ ಮೇಲೆ ಸ್ಪೇನಿನ ಪ್ರಾಂತಗಳ ಜನಜೀವನವನ್ನೆಲ್ಲ ಚಿತ್ರಿಸಿಕೊಡಬೇಕೆಂದು ಅವನು ಕೇಳಿದನು. 1911ರ ನವೆಂಬರಿನಲ್ಲಿ 1,50,000 ಡಾಲರುಗಳಿಗೆ ಕರಾರು ಆಯಿತು. ಹದಿನಾಲ್ಕು ಚಿತ್ರಗಳು, ಮೂರೂವರೆ ಮೀಟರಿನಷ್ಟು ಎತ್ತರ, ಒಟ್ಟು ಉದ್ದ ಎಪ್ಪತ್ತು ಮೀಟರಿನ ಸಮೀಪ. ಬೇರೆ ಯಾರಾದರೂ ಆಗಿದ್ದರೆ ಮ್ಯಾಡ್ರಿಡಿನ ಕಾರ್ಯಶಾಲೆಯಲ್ಲಿ ಕುಳಿತು ಬರೆದು ಮುಗಿಸುತ್ತಿದ್ದರು. ಸೊರೋಯಾ ಮಾತ್ರ ತಾನು ಕಲಿತ ವಿದ್ಯೆಗೆ ದ್ರೋಹ ಬಗೆಯಲೊಲ್ಲನು. ನವಾರ್ರಾದ ಬೆಟ್ಟಗಳಲ್ಲಿ, ಸೆವಿಲ್ಲಾದ ಬೀದಿಗಳಲ್ಲಿ, ಎಲ್ಚೆಯ ಖರ್ಜೂರದ ತೋಪಿನಲ್ಲಿ, ಅಯಮೊಂತೆಯ ಮೀನುಕಟ್ಟೆಯಲ್ಲಿ ಆ ಮಹಾಗಾತ್ರದ ಕ್ಯಾನ್ವಾಸುಗಳನ್ನು ನಿಲ್ಲಿಸಿ, ಆಯಾ ಊರಿನ ಜನರನ್ನೇ ಎದುರಿಗೆ ನಿಲ್ಲಿಸಿಕೊಂಡು ಬರೆದನು. ಚಳಿಯೂ ಮಳೆಯೂ ದೂಳೂ ಅವನ ಪಾಲಿಗೆ ಬಂದವು. ಏಳೆಂಟು ವರ್ಷ ಮನೆಮಂದಿಯಿಂದ ದೂರವಾಗಿ ಊರೂರು ತಿರುಗಿದನು. ಹೆಂಡತಿಗೆ ಬರೆದ ಪತ್ರಗಳೇ ಸಂಸಾರದ ಕೊಂಡಿಯಾದವು. 1919ರ ಜೂನ್ 29ರಂದು ಕೊನೆಯ ಚಿತ್ರ ಮುಗಿಯುವ ಹೊತ್ತಿಗೆ ಅವನ ದೇಹ ಸವೆದುಹೋಗಿತ್ತು.

ಈ ಚಿತ್ರಮಾಲೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಕುಣಿತ, ಮೆರವಣಿಗೆ, ಹಬ್ಬದ ಉಡುಪುಗಳ ಭರದಲ್ಲಿ ಕೆಲವು ಫಲಕಗಳು ಜಾತ್ರೆಯ ಅಲಂಕಾರದಂತೆ ತೋರುವುದುಂಟು. 1898ರಲ್ಲಿ ಕ್ಯೂಬಾ, ಫಿಲಿಪೈನ್ಸ್‌ಗಳನ್ನು ಕಳೆದುಕೊಂಡು ಖಿನ್ನವಾಗಿದ್ದ ದೇಶದ ಹಲವು ಲೇಖಕರು ಅವನ ಬಿಸಿಲಿನ ಸ್ಪೇನನ್ನು ಒಪ್ಪಲಿಲ್ಲ. ಆದರೆ ಕೊನೆಯದಾದ ಅಯಮೊಂತೆಯ ಫಲಕವನ್ನು, ನೆರಳುಬಟ್ಟೆಯ ಕೆಳಗೆ ಮಿನುಗುವ ಭಾರಿ ಮೀನುಗಳನ್ನೂ ಅವುಗಳನ್ನು ಎಳೆಯುವ ಕೂಲಿಯವರನ್ನೂ ನೋಡಿದವರು, ಆ ದಣಿದ ಕೈ ತನ್ನ ಕಡಲಿಗೆ ಮರಳಿದಾಗ ಮತ್ತೆ ಚೇತರಿಸಿಕೊಂಡಿತೆಂಬುದನ್ನು ಕಾಣುತ್ತಾರೆ.

1920ರ ಜೂನ್ ತಿಂಗಳಲ್ಲಿ ಮ್ಯಾಡ್ರಿಡಿನ ತನ್ನ ಮನೆಯ ತೋಟದಲ್ಲಿ, ಲೇಖಕ ಪೆರೆಸ್ ದೆ ಅಯಾಲಾನ ಪತ್ನಿಯ ಭಾವಚಿತ್ರವನ್ನು ಬರೆಯುತ್ತಿದ್ದಾಗ ಸೊರೋಯಾನಿಗೆ ಪಾರ್ಶ್ವವಾಯು ಬಡಿಯಿತು. ಐವತ್ತೇಳು ವರ್ಷದ ಆ ಮನುಷ್ಯ ಮತ್ತೆ ಕುಂಚ ಹಿಡಿಯುವಂತಾಗಲಿಲ್ಲ. ಮೂರು ವರ್ಷ ಹಾಗೆಯೇ ಇದ್ದು, 1923ರ ಆಗಸ್ಟ್ 10ರಂದು ಮ್ಯಾಡ್ರಿಡಿನ ಸಮೀಪದ ಬೆಟ್ಟದೂರು ಸೆರ್ಸೆದಿಯಾದಲ್ಲಿ ತೀರಿಕೊಂಡನು. ಅವನ ಪಾರ್ಥಿವ ಶರೀರವನ್ನು ವಾಲೆನ್ಸಿಯಾಕ್ಕೆ ತಂದು ಸಮಾಧಿ ಮಾಡಿದರು. ಹಂಟಿಂಗ್ಟನ್ನನ ಗ್ರಂಥಾಲಯದ ಆ ಸಭಾಂಗಣವು ತೆರೆದುದು 1926ರಲ್ಲಿ. ತನ್ನ ಚಿತ್ರಗಳು ಗೋಡೆಯೇರಿದ್ದನ್ನು ನೋಡುವ ಭಾಗ್ಯ ಅವನಿಗಿರಲಿಲ್ಲ. ಸ್ಪೇನಿನ ಜನ ಅವುಗಳನ್ನು ತಮ್ಮ ನೆಲದಲ್ಲಿಯೇ ಕಂಡದ್ದು 2007ರ ನಂತರ, ದುರಸ್ತಿಗೆಂದು ಇಳಿಸಿದ ಫಲಕಗಳನ್ನು ವಾಲೆನ್ಸಿಯಾ ಮೊದಲಾದ ನಗರಗಳಲ್ಲಿ ಪ್ರದರ್ಶಿಸಿದಾಗ.

ಕ್ಲೋಟಿಲ್ಡೆ 1929ರಲ್ಲಿ ತೀರಿಕೊಂಡಳು. ತೋಟವೂ ಸೇರಿದಂತೆ ಮನೆಯನ್ನೂ ಅದರಲ್ಲಿದ್ದ ತನ್ನ ಪಾಲಿನ ಚಿತ್ರಗಳನ್ನೂ ಆಕೆ ಸ್ಪೇನ್ ರಾಷ್ಟ್ರಕ್ಕೆ ಬಿಟ್ಟುಕೊಟ್ಟಿದ್ದಳು. 1932ರಲ್ಲಿ ಅದು ವಸ್ತುಸಂಗ್ರಹಾಲಯವಾಗಿ ತೆರೆಯಿತು. ಮಗ ಹ್ವಾಕೀನ್ ಅದರ ಮೊದಲ ನಿರ್ದೇಶಕನಾಗಿ 1948ರಲ್ಲಿ ಸಾಯುವವರೆಗೂ ನೋಡಿಕೊಂಡನು. ಆ ಅಂಗೈಯಗಲದ ಹಲಗೆಯ ಚಿತ್ರಗಳು ನೂರುಗಟ್ಟಲೆ ಆ ಸಂಗ್ರಹದಲ್ಲಿ ಸೇರಿವೆ.